ಹೆರೆಮೆತಾಳ ಐವತ್ತೊಂಬತ್ತು ನಕ್ಷತ್ರ

ರೊಂಗೊರೊಂಗೊ ಲಿಪಿ ಕೆತ್ತಿದ ನಮ್ಮ ಹಳೆಯ ಮರದ ಹಲಗೆಗಳನ್ನು ಓದಿಬಿಟ್ಟೆ ಎಂದು ಹೇಳಿಕೊಂಡು ವಿಮಾನ ಇಳಿದವರನ್ನು ನಾನು ಇಲ್ಲಿಯವರೆಗೆ ಹನ್ನೆರಡು ಜನ ಕಂಡಿದ್ದೇನೆ. ಒಬ್ಬನಿಗೆ ಅದು ಹಾಡು, ಇನ್ನೊಬ್ಬನಿಗೆ ವಂಶಾವಳಿ, ಒಬ್ಬಳಿಗೆ ಬರೀ ಬಸಿರು ಬಾಣಂತನ, ಮತ್ತೊಬ್ಬನಿಗೆ ಬೇರೆ ಗ್ರಹದವರು ಬರೆದಿಟ್ಟುಹೋದ ಕಾಗದ. ನಮಗೆ ಯಾರಿಗೂ ಅದನ್ನು ಓದಲು ಬರುವುದಿಲ್ಲ. ಓದಬಲ್ಲವರನ್ನು ಪೆರುವಿನ ಹಡಗುಗಳು ಗುಲಾಮರನ್ನಾಗಿ ತುಂಬಿಕೊಂಡು ಹೋದವು, ಉಳಿದವರನ್ನು ಸಿಡುಬು ನುಂಗಿತು. ಹಲಗೆಗಳೂ ಹೋದವು. ಇವತ್ತು ಒಂದೇ ಒಂದು ಹಲಗೆ ನಮ್ಮ ದ್ವೀಪ ರಾಪಾ ನೂಯಿಯಲ್ಲಿಲ್ಲ. ಎಲ್ಲ ಯಾವ್ಯಾವುದೋ ಊರಿನ ಗಾಜಿನ ಪೆಟ್ಟಿಗೆಯೊಳಗೆ ದೀಪ ಹಾಕಿಸಿಕೊಂಡು ಮಲಗಿವೆ.

ಹನ್ನೆರಡನೆಯವನು ನಕ್ಷತ್ರದವನು. ಅವನ ಬಗ್ಗೆ ಬರೆಯಲು ನನಗೆ ಇಷ್ಟವಿಲ್ಲ. ಬರೆಯಬೇಕಾದ್ದು ಹೋದ ಚಳಿಗಾಲದಲ್ಲಿ ತೀರಿಕೊಂಡ ಹೆರೆಮೆತಾ ಅರಾಕಿಯ ಬಗ್ಗೆ. ಆದರೆ ಕಾಲಿಗೆ ಮೆತ್ತಿದ ಹೇಲಿನ ಹಾಗೆ ಅವನು ಅವಳ ಕಥೆಗೆ ಅಂಟಿಕೊಂಡಿದ್ದಾನೆ. ತೊಳೆದರೂ ವಾಸನೆ ಹೋಗುವುದಿಲ್ಲ.

ಹೆರೆಮೆತಾ ಹುಟ್ಟಿದ್ದು ಹಂಗಾ ರೋವಾ ಊರಿನ ಗೋಡೆಯೊಳಗೆ. ಆಗ ದ್ವೀಪವೆಲ್ಲ ಕುರಿಗಳದ್ದು. ಸಾವಿರಾರು ಕುರಿ ಬೇಕೆಂದಲ್ಲಿ ಮೇಯುತ್ತಿದ್ದವು, ಮನುಷ್ಯರು ಮಾತ್ರ ಊರ ಸುತ್ತ ಎಬ್ಬಿಸಿದ ಕಲ್ಲುಗೋಡೆಯೊಳಗೆ. ಗೋಡೆ ದಾಟಬೇಕೆಂದರೆ ಚೀಟಿ ಬೇಕಿತ್ತು. ಕುರಿಗೆ ಚೀಟಿ ಬೇಡ. ಅವಳ ಅಪ್ಪ ಉರುಪಾನೋ ಅರಾಕಿ ಕುರಿ ಕಂಪನಿಯ ಬೇಲಿ ಕಟ್ಟುವವನು, ಹಾಗಾಗಿ ಅವನ ಹತ್ತಿರ ಚೀಟಿ ಇತ್ತು. ದಕ್ಷಿಣದ ದಂಡೆಯಲ್ಲಿ, ಅವನ ಅಜ್ಜಂದಿರು ಬದುಕಿದ್ದ ಜಾಗದಲ್ಲಿ, ಬೇಲಿ ಸಾಮಾನು ಇಡಲು ಒಂದು ತಗಡಿನ ಗುಡಿಸಲು ಹಾಕಿಕೊಂಡಿದ್ದ. ಗುಡಿಸಲ ಹಿಂದೆ ಹಳೆಯ ಮನವಾಯಿಗಳಿದ್ದವು. ಗಾಳಿಗೆ ಸಿಕ್ಕದಂತೆ ಎದೆಮಟ್ಟ ಕಲ್ಲು ಪೇರಿಸಿ, ಒಳಗೆ ಬೆಳೆ ತೆಗೆಯುವ ದುಂಡನೆಯ ಗುಂಡಿಗಳು. ಕುರಿ ಹಾರಲಾಗದ ಎರಡು ಗುಂಡಿಗಳಲ್ಲಿ ಉರುಪಾನೋ ಕದ್ದುಮುಚ್ಚಿ ಗೆಣಸು, ಕೆಸವು ಇಡುತ್ತಿದ್ದ. ಅವುಗಳ ಪಕ್ಕ ಒಂದು ಚಪ್ಪಟೆ ಬಂಡೆ, ಇಬ್ಬರು ಮಲಗುವಷ್ಟು.

ಆ ಕಾಲದಲ್ಲಿ ವಯಸ್ಸಿಗೆ ಬಂದ ಗಂಡಸರೆಲ್ಲ ಪ್ರತಿ ಸೋಮವಾರ ಸರ್ಕಾರಕ್ಕೆ ಬಿಟ್ಟಿ ದುಡಿಯಬೇಕಿತ್ತು. ರಸ್ತೆಗೆ ಕಲ್ಲು, ಗೋಡೆಗೆ ಕಲ್ಲು, ದೊಡ್ಡವರ ಅಂಗಳಕ್ಕೆ ಕಲ್ಲು. ತಪ್ಪಿಸಿಕೊಂಡವನಿಗೆ ಲಾಕಪ್ಪು, ಇಲ್ಲವೇ ಬೆನ್ನಿಗೆ ಬಾಸುಂಡೆ. ಉರುಪಾನೋ ಸೋಮವಾರ ಹೋಗಿ ದುಡಿದು, ಮಂಗಳವಾರ ದಕ್ಷಿಣದ ದಂಡೆಗೆ ಬಂದು, ಬೇಲಿಯ ಕಬ್ಬಿಣದ ಗೂಟ ಹಿಡಿದು ಆ ಬಂಡೆಯ ಮೇಲೆ ಒಂದು ಕುಳಿ ಕುಟ್ಟುತ್ತಿದ್ದ. ಹೆಬ್ಬೆರಳು ಹೋಗುವಷ್ಟು ಕುಳಿ. ಕುದುರೆಯ ಮೇಲೆ ಅಪ್ಪನ ಮುಂದೆ ಕುಳಿತು ಬರುತ್ತಿದ್ದ ಐದಾರು ವರ್ಷದ ಹೆರೆಮೆತಾ ಕೇಳಿದ್ದಳಂತೆ, "ಇದೇನಪ್ಪಾ?"

"ಸತ್ತ ದಿನ ಮಗಾ. ಹೂಳ್ತಿದೀನಿ."

ಅವಳಿಗೆ ಒಂಬತ್ತು ತುಂಬಿದಾಗ ಉರುಪಾನೋ ಇನ್ನು ನಾಲ್ವರ ಜೊತೆ ಒಂದು ದೋಣಿ ಕದ್ದು ತಹೀತಿ ದ್ವೀಪದ ಕಡೆ ಹೊರಟ. ಆಗ ಹಾಗೆ ಓಡಿಹೋದ ದೋಣಿಗಳು ಹಲವು, ಕೆಲವು ಮುಟ್ಟಿದವು. ಅವನದು ಮುಟ್ಟಲಿಲ್ಲ. ಹೆಣವಿಲ್ಲ, ಗೋರಿಯಿಲ್ಲ, ಫೋಟೋ ಇಲ್ಲ. ಉಳಿದದ್ದು ಆ ಬಂಡೆ.

ಮುಂದಿನದು ನಮ್ಮೆಲ್ಲರದೂ ಆದ ಬದುಕು. ಕುರಿ ಹೋದವು, ಗೋಡೆ ಬಿತ್ತು, ಹೋಟೆಲು ಬಂದವು. ಭೂಮಿ ಮಾತ್ರ ಸರ್ಕಾರದ ಹೆಸರಿನಲ್ಲೇ ಉಳಿಯಿತು. ಹೆರೆಮೆತಾ ಹೋಟೆಲಿನಲ್ಲಿ ಬಟ್ಟೆ ಒಗೆದಳು. ಗಂಡನೊಬ್ಬನಿದ್ದ, ನಮ್ಮನ್ನಾಳುವ ಮುಖ್ಯಭೂಮಿಗೆ ಹೋಗಿ ಕ್ರಿಸ್‌ಮಸ್ಸಿಗೊಂದು ಕಾರ್ಡು ಕಳಿಸುತ್ತಿದ್ದ, ಆಮೇಲೆ ಅದೂ ಇಲ್ಲ. ತಂಗಿ ಸತ್ತಾಗ ತಂಗಿಯ ಮಗ ತಿಮೋನನ್ನು ತಂದು ಸಾಕಿದಳು. ಮುಂದಿನ ಹಲ್ಲು ಮೂರೇ ಇದ್ದವು. ಬಯ್ಯಲು ಅಷ್ಟು ಸಾಕು ಎನ್ನುತ್ತಿದ್ದಳು.

ನಾವು ಭೂಮಿ ಹಿಡಿಯಲು ಎದ್ದ ವರ್ಷ ಅವಳೂ ಎದ್ದಳು. ಬಾವುಟ ಹಿಡಿದು ಕೂಗುವ ಜಾತಿಯಲ್ಲ ಅವಳದು. ನಾವು ಸರ್ಕಾರಿ ಕಟ್ಟಡದ ಮುಂದೆ ಕೂತು ರಬ್ಬರ್ ಗುಂಡು ತಿನ್ನುತ್ತಿದ್ದಾಗ, ಅವಳು ಹಾರೆ, ಹಾಸಿಗೆ, ಎರಡು ಹಂದಿ ಕಟ್ಟಿಕೊಂಡು ಹೋಗಿ ಅಪ್ಪನ ಗುಡಿಸಲಿದ್ದ ಜಾಗದಲ್ಲಿ ಕೂತುಬಿಟ್ಟಳು. ಪೊಲೀಸರು ಮೂರು ಸಲ ಎತ್ತಿ ತಂದು ಊರಲ್ಲಿ ಬಿಟ್ಟರು. ಮೂರು ಸಲವೂ ಹದಿನೈದು ಕಿಲೋಮೀಟರ್ ನಡೆದು ವಾಪಸಾದಳು. ನಾಲ್ಕನೇ ಸಲ ಅವರಿಗೇ ಬೇಜಾರಾಯಿತು. ಬಿದ್ದುಹೋಗಿದ್ದ ಆರು ಮನವಾಯಿಗಳನ್ನು ಅವಳು ಎತ್ತಿ ಕಟ್ಟಿದಳು. ಗೆಣಸು, ಕೆಸವು, ಬಾಳೆ, ಸೋರೆ. ನಮ್ಮ ಚಳವಳಿಯಲ್ಲಿ ಹಿಡಿದ ಜಾಗಗಳ ಪೈಕಿ ಏನಾದರೂ ಬೆಳೆದದ್ದು ಅವಳ ಜಾಗ ಮಾತ್ರ. ನಮ್ಮದರಲ್ಲಿ ಬೋರ್ಡುಗಳು ಬೆಳೆದವು.

ಅವಳಿಗೆ ಚಂದ್ರನ ರಾತ್ರಿಗಳು ಗೊತ್ತಿದ್ದವು. ತಿಂಗಳ ಮೂವತ್ತು ರಾತ್ರಿಗೂ ಹೆಸರುಂಟು ನಮ್ಮಲ್ಲಿ. ಯಾವ ರಾತ್ರಿಯ ಮರುದಿನ ಗೆಣಸಿನ ಬಳ್ಳಿ ಇಡಬೇಕು, ಯಾವಾಗ ಇಟ್ಟರೆ ಬರೀ ಸೊಪ್ಪು, ಯಾವಾಗ ಕಾಹಿ ಮೀನು ಗಾಳಕ್ಕೆ ಬಾಯಿ ಹಾಕುವುದಿಲ್ಲ, ಎಲ್ಲ ಅಜ್ಜಿಯಿಂದ ಕಲಿತಿದ್ದಳು. ಅದರಲ್ಲೊಂದು ಹಿಕಮತ್ತು ಇದೆ. ಹೋತು ಎಂಬ ಒಂದು ರಾತ್ರಿ ಕೆಲವು ತಿಂಗಳು ಬರುತ್ತದೆ, ಕೆಲವು ತಿಂಗಳು ಬರುವುದಿಲ್ಲ. ಬಂತೋ ಇಲ್ಲವೋ ಅನ್ನುವುದನ್ನು ಕಾಗದ ನೋಡಿ ಹೇಳಲಾಗದು, ಆಕಾಶ ನೋಡಿದವರು ಹೇಳಬೇಕು. ದಂಡೆಯ ಮೀನುಗಾರರು ಅವಳನ್ನು ಕೇಳಲು ಬರುತ್ತಿದ್ದರು. "ನುವಾ, ಈ ತಿಂಗಳು ಹೋತು ಬಂತಾ?" ನಮ್ಮಲ್ಲಿ ದೊಡ್ಡ ಹೆಂಗಸರನ್ನೆಲ್ಲ ನುವಾ ಅಂತಲೇ ಕರೆಯುವುದು, ಅಮ್ಮ ಅಂದ ಹಾಗೆ. ಅವಳು ಮೋಡಕ್ಕೆ ಬಯ್ಯುತ್ತಲೋ ಹಂದಿಗೆ ಬಯ್ಯುತ್ತಲೋ ಬಂತು ಅಥವಾ ಇಲ್ಲ ಅನ್ನುವಳು. ಮೀನುಗಾರರು ಅದರಂತೆ ನಡೆದುಕೊಳ್ಳುವರು.

ಇನ್ನು ಆ ಹನ್ನೆರಡನೆಯವನು, ಪ್ರೊಫೆಸರ್ ವೆಂಟ್ಸೆಲ್. ಜರ್ಮನಿಯವನು. ಎತ್ತರದ ಆಳು. ತೊಡೆಗೂ ಮಂಡಿಗೂ ಜೇಬಿದ್ದ ಚಡ್ಡಿ, ಮೈಗೆಲ್ಲ ಬಿಸಿಲಿನ ಕ್ರೀಮು ಬಳಿದುಕೊಂಡು ಹಳಸಿದ ಕೊಬ್ಬರಿಯಂತೆ ನಾರುತ್ತಿದ್ದ. ಅವನನ್ನು ಕರೆತಂದದ್ದು ತಿಮೋ. ತಿಮೋ ಆಗ ಪ್ರವಾಸಿಗಳಿಗೆ ನಕ್ಷತ್ರ ತೋರಿಸುವ ಗೈಡು. ಕುತ್ತಿಗೆಗೆ ತಿಮಿಂಗಿಲದ ಹಲ್ಲು, ಬೆನ್ನಿಗೆ ಹಚ್ಚೆ, ಬಾಯಿಗೆ ನಾಲ್ಕು ಭಾಷೆ.

ವೆಂಟ್ಸೆಲ್‌ನ ಚೀಲದಲ್ಲಿ ಎಲ್ಲ ಹಲಗೆಗಳ ಫೋಟೋ ಇದ್ದವು. ಹಕ್ಕಿ, ಮೀನು, ಓತಿಕ್ಯಾತ, ಕೈ ಎತ್ತಿದ ಮನುಷ್ಯ. ನಿಜ ಹೇಳಬೇಕೆಂದರೆ ಒಂದು ಹಲಗೆಯಲ್ಲಿ ಸಾಲಾಗಿ ಚಂದ್ರನ ಗುರುತುಗಳಿವೆ, ಅದು ತಿಂಗಳ ರಾತ್ರಿಗಳೇ ಎಂದು ಬಹಳ ಜನ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಮನುಷ್ಯನ ಜೊತೆ ಕೂತು ಒಂದು ಬಿಯರು ಕುಡಿಯಬಹುದಿತ್ತು. ಅವನು ನಿಲ್ಲಲಿಲ್ಲ. ತಲೆ ಮೇಲಾದ ಮೀನು ಅಂದರೆ ಹುಟ್ಟುವ ನಕ್ಷತ್ರ, ತಲೆ ಕೆಳಗಾದರೆ ಮುಳುಗುವ ನಕ್ಷತ್ರ, ಓತಿಕ್ಯಾತ ಅಂದರೆ ಇಂಥ ತಿಂಗಳು, ಹಕ್ಕಿ ಅಂದರೆ ಇಂಥ ದಿಕ್ಕು. ಇದಕ್ಕೆಲ್ಲ ಬೀಗದ ಕೈ ಎಲ್ಲೋ ದ್ವೀಪದ ಕಲ್ಲಿನಲ್ಲಿ ಸಿಗಬೇಕು ಎಂದು ಏಳು ವರ್ಷದಿಂದ ಅಲೆಯುತ್ತಿದ್ದನಂತೆ. ತಿಮೋ ಅವನನ್ನು ನೇರವಾಗಿ ದೊಡ್ಡಮ್ಮನ ಬಂಡೆಗೆ ತಂದು ನಿಲ್ಲಿಸಿದ.

ಅವತ್ತು ನಾನೂ ಅಲ್ಲಿದ್ದೆ. ಹೇಸಿಗೆಯಾಗುವುದು ಇಲ್ಲಿಂದಲೇ, ಆದ್ದರಿಂದ ಸರಿಯಾಗಿ ಹೇಳುತ್ತೇನೆ.

ವೆಂಟ್ಸೆಲ್ ಮೊದಲು ಬಂಡೆಯನ್ನು ಬ್ರಷ್ಷಿನಿಂದ ಉಜ್ಜಿದ. ಕುಳಿಗಳಿಗೆ ಬಿಳಿ ಸುಣ್ಣದ ಪುಡಿ ತುಂಬಿದ, ಫೋಟೋದಲ್ಲಿ ಎದ್ದು ಕಾಣಲಿ ಅಂತ. ಐವತ್ತೊಂಬತ್ತಕ್ಕೆ ತುಂಬಿ ನಿಲ್ಲಿಸಿದ. ಐವತ್ತೊಂಬತ್ತು ದಿನ ಅಂದರೆ ಸರಿಯಾಗಿ ಎರಡು ಚಾಂದ್ರಮಾಸ ಎಂದು ತಿಮೋನ ಭುಜ ಹಿಡಿದು ಅಲ್ಲಾಡಿಸಿದ.

ಹೆರೆಮೆತಾ ಗುಡಿಸಲ ಬಾಗಿಲಲ್ಲಿ ಬಾಳೆಹಣ್ಣು ಕಿವುಚುತ್ತಿದ್ದವಳು ಕೂಗಿದಳು, "ಇನ್ನೂ ಅವೆ ಕಣೋ, ಆ ಕಡೆ ಪಾಚಿ ಕೆಳಗೆ. ಬೇಕಾದಷ್ಟು ಅವೆ!"

ತಿಮೋ ಅದನ್ನು ಹೇಳಿದ. ವೆಂಟ್ಸೆಲ್ ಬಗ್ಗಿ ನೋಡಿ, ಅವು ಮಳೆಗೆ ಸವೆದದ್ದು, ಮನುಷ್ಯರು ಮಾಡಿದ್ದಲ್ಲ ಅಂದ. ಒಂದು ಮೂಲೆಯಲ್ಲಿ ಆರು ಕುಳಿ ಒತ್ತೊತ್ತಾಗಿದ್ದವು. ಅವನ್ನು ಕಂಡವನೇ ಮಂಡಿಯೂರಿಬಿಟ್ಟ. "ಮಾತಾರಿಕಿ!" ನಮ್ಮ ಮಾತಾರಿಕಿ ಎಂದರೆ ನಿಮ್ಮ ಕೃತ್ತಿಕೆ. ಜೂನ್ ತಿಂಗಳು ಬೆಳಗಿನ ಜಾವ ಅದು ಕಡಲಿನಿಂದ ಎದ್ದರೆ ಹಳೆಯವರಿಗೆ ಹೊಸ ವರ್ಷ.

ಆಮೇಲೆ ರಾತ್ರಿಗಳ ಹೆಸರು ಹೇಳಿ ಅಂದ. ಹೆರೆಮೆತಾ ಕೈ ತೊಳೆದುಕೊಂಡು ಬಂದು ಕೂತು ಹೇಳಿದಳು. ಅವನು ತನ್ನ ಪಟ್ಟಿಯ ಮೇಲೆ ಪೆನ್ಸಿಲು ಓಡಿಸುತ್ತ ಬಂದು ಒಂದು ಕಡೆ ತಡೆದ.

"ಹೋತು ಬಿಟ್ರಿ ಅಂತಿದಾರೆ, ನುವಾ," ಅಂದ ತಿಮೋ.

"ಬಿಡ್ಲಿಲ್ಲ. ಈ ತಿಂಗಳು ಅದು ಬರ್ಲಿಲ್ಲ."

"ಪಟ್ಟೀಲಿ ಇದೆಯಂತೆ."

"ಪಟ್ಟೀಲಿ ಇರ್‍ಬೌದು. ಮೇಲೆ ಇರ್ಲಿಲ್ಲ. ಅವನನ್ನ ಕೇಳು, ಮೊನ್ನೆ ರಾತ್ರಿ ಎದ್ದು ನೋಡಿದ್ನಾ, ಇಲ್ಲಾ ಹೋಟೆಲಲ್ಲಿ ಗೊರಕೆ ಹೊಡೀತಿದ್ನಾ ಅಂತ."

ವೆಂಟ್ಸೆಲ್ ಸಹನೆಯಿಂದ ನಕ್ಕು ಏನೋ ಬರೆದುಕೊಂಡ. ಪುಸ್ತಕ ತಿರುಗಿಸಿ ಇಟ್ಟಾಗ ನಾನು ಓದಿದೆ. ಮುದುಕಿಯ ನೆನಪಿನಲ್ಲಿ ತೂತುಗಳಿವೆ ಎಂದು ಬರೆದಿದ್ದ.

ಕೊನೆಗೆ ದನಿ ಹಿಡಿಯುವ ಕೈಗಾತ್ರದ ಯಂತ್ರ ತೆಗೆದು ಅವಳ ಮುಂದಿಟ್ಟು ತಿಮೋನಿಂದ ಕೇಳಿಸಿದ. ಇವು ಮಾತಾರಿಕಿಯೇ? ಇವನ್ನು ಮಾಡಿದ್ದು ಪೂರ್ವಿಕರೇ?

ಅವಳು ನನ್ನ ಮುಖ ನೋಡಿದಳು. ನಾನು, ಇಪ್ಪತ್ತು ವರ್ಷ ಈ ಭೂಮಿಗಾಗಿ ಬಡಿದಾಡಿದವನು, ಅವಳ ಕಿವಿಯಲ್ಲಿ ಹೇಳಿದೆ, "ಹೌದು ಅಂದ್ಬಿಡು ನುವಾ. ಪೂರ್ವಿಕರು ಇಲ್ಲೇ ಕೂತು ನಕ್ಷತ್ರ ನೋಡ್ತಿದ್ರು ಅಂತಾದ್ರೆ ಜಾಗ ಯಾರದು? ನಮ್ದೇ. ಇದಕ್ಕಿಂತ ದೊಡ್ಡ ಪತ್ರ ಯಾವ ಕೋರ್ಟಿಗೆ ಬೇಕು?"

"ನಮ್ಮಪ್ಪ ಮಾಡಿದ್ದು ಅಲ್ವೇನೋ ಪೆತೆರೋ."

"ನಿಮ್ಮಪ್ಪನೂ ಈಗ ಪೂರ್ವಿಕನೇ ಅಲ್ವಾ?"

ಅವಳು ನಕ್ಕಳು. ಯಂತ್ರದ ಕಡೆ ತಿರುಗಿ "ಹೌದು, ಹೌದು" ಅಂದಳು. ಆಮೇಲೆ ವೆಂಟ್ಸೆಲ್‌ಗೆ ಬಾಳೆಹಣ್ಣಿನ ಪೋಎ ಕಡುಬು ಕೊಟ್ಟಳು. ಅವನು ಒಂದು ತುತ್ತು ತಿಂದು ಉಳಿದದ್ದನ್ನು ಯಾರೂ ನೋಡದಾಗ ಹಂದಿಗೆ ಹಾಕಿದ. ಅವಳು ನೋಡಿದ್ದಳು. ಸಂಜೆ ಮಳೆ ಬಂದು ಬಂಡೆಯ ಮೇಲಿನ ಸುಣ್ಣವೆಲ್ಲ ಕಡಲಹಕ್ಕಿ ಹಿಕ್ಕೆಯಂತೆ ಕರಗಿ ಇಳಿಯಿತು.

ನಮ್ಮ ಜನರಿಗೆ ಒಂದು ಹಳೆಯ ರೋಗವಿದೆ. ಗೋಡೆಯೊಳಗಿನ ದಿನಗಳಲ್ಲಿ ಅಂಟಿದ್ದು. ಹೊರಗಿನವನು ಏನು ಕೇಳಿದರೂ ಹೌದು ಅನ್ನುವುದು, ಆಮೇಲೆ ನಮಗೆ ತೋಚಿದ್ದು ಮಾಡುವುದು. ಬೆನ್ನು ಉಳಿಸಿಕೊಳ್ಳಲು ಕಲಿತ ವಿದ್ಯೆ. ಚಾಟಿ ಹಿಡಿದವನ ಮುಂದೆ ಅದು ಕೆಲಸಕ್ಕೆ ಬರುತ್ತದೆ. ಯಂತ್ರ ಹಿಡಿದವನ ಮುಂದೆ ಬರುವುದಿಲ್ಲ. ಇದು ಗೊತ್ತಿರಬೇಕಾದವನು ನಾನು. ನನಗೇ ಗೊತ್ತಾಗಲಿಲ್ಲ.

ಏಳು ತಿಂಗಳ ಮೇಲೆ ಮುಖ್ಯಭೂಮಿಯ ಒಂದು ಕಚೇರಿಯಿಂದ ಕಾಗದ ಬಂತು. ದಕ್ಷಿಣ ದಂಡೆಯ ಬಂಡೆ ರೊಂಗೊರೊಂಗೊ ಲಿಪಿಗೆ ನೇರ ಸಂಬಂಧವಿರುವ ಪ್ರಾಚೀನ ನಕ್ಷತ್ರ ಪಂಚಾಂಗವೆಂದು ಸಿದ್ಧಪಟ್ಟಿದೆ. ಡಿಸೆಂಬರ್ ಒಂದರಿಂದ ಬಂಡೆಯನ್ನೂ ಅದರ ಸುತ್ತ ನೂರು ಮೀಟರನ್ನೂ ಸರ್ಕಾರ ಬೇಲಿ ಹಾಕಿ ಕಾಯುತ್ತದೆ. ಒಳಗಿನ ಗುಡಿಸಲು, ಪ್ರಾಣಿ, ಬೆಳೆ ಅಷ್ಟರೊಳಗೆ ತೆರವಾಗಬೇಕು. ಆರು ಮನವಾಯಿಗಳೂ ನೂರು ಮೀಟರಿನೊಳಗೇ ಇದ್ದವು.

ಕಾಗದ ಓದಿ ಹೇಳಿದ್ದು ನಾನೇ. ಹೆರೆಮೆತಾ ಗೆಣಸಿನ ಬಳ್ಳಿ ತಿರುವುತ್ತಿದ್ದಳು. ತಲೆ ಎತ್ತಲಿಲ್ಲ.

"ಪೂರ್ವಿಕರದು ಅಂದ್ರೆ ನಮ್ದು ಅಂದೆ ನೀನು."

"ಅಂದೆ."

"ಈಗ?"

"ಪೂರ್ವಿಕರದು ಅಂದ್ರೆ ಅವರದು ಅಂತೆ."

"ಹಂಗಾದ್ರೆ ಬದುಕಿರೋರದು ಯಾವುದೋ?"

ನಾನು ಕಾಗದ ಮಡಚಿ ಜೇಬಿಗಿಟ್ಟೆ. ಎಷ್ಟು ಸಭೆಗಳಲ್ಲಿ ಮಾತಾಡಿದವನು ನಾನು! ನಮ್ಮ ಬಾವುಟಗಳಲ್ಲೂ ನಾವೇ ಬರೆಸಿದ್ದೆವು, ನಮ್ಮ ಹಿರಿಯರು ಆಕಾಶ ಓದಿದವರು ಅಂತ. ಬಿಳಿಯರಿಗೆ ನಕ್ಷತ್ರ ಅಂದರೆ ಜೊಲ್ಲು ಎಂದು ಗೊತ್ತಿದ್ದು, ಆ ಜೊಲ್ಲಿನಲ್ಲಿ ನಮ್ಮ ಬೀಜ ನೆನೆಯಲಿ ಅಂತ ಹೊರಟಿದ್ದೆವು. ಥೂ.

ನವೆಂಬರಿನಲ್ಲಿ ಕಚೇರಿಯವರು ಊರಿನ ಸಭಾಭವನದಲ್ಲಿ ಸಭೆ ಕರೆದರು. ವೆಂಟ್ಸೆಲ್ ಬಂದಿದ್ದ. ದೊಡ್ಡ ಪರದೆಯ ಮೇಲೆ ಬಂಡೆಯ ಫೋಟೋ, ಸುಣ್ಣ ತುಂಬಿದ ಐವತ್ತೊಂಬತ್ತು ಚುಕ್ಕೆ. ಒಂದು ಗುಂಡಿ ಒತ್ತಿದರೆ ಚುಕ್ಕೆಗಳ ಮೇಲೆ ಗೆರೆ ಎಳೆದುಕೊಂಡು ಹಕ್ಕಿಯಾಗುತ್ತಿತ್ತು, ಇನ್ನೊಂದಕ್ಕೆ ಮೀನಾಗುತ್ತಿತ್ತು, ಪಕ್ಕದಲ್ಲಿ ಹಲಗೆಯ ಗುರುತು ಬಂದು ಕೂರುತ್ತಿತ್ತು. ಸಾಲಿನಲ್ಲಿ ಕೂತ ನಮ್ಮವರೇ ಓಹೋ ಎಂದರು. ಹೋಟೆಲಿನವರು, ವ್ಯಾನು ಓಡಿಸುವವರು, ಹೋದ ವರ್ಷ ನನ್ನ ಜೊತೆ ಲಾಕಪ್ಪಿನಲ್ಲಿ ಮಲಗಿದ್ದವರು. ಚಪ್ಪಾಳೆಯೂ ಬಿತ್ತು.

ಹೆರೆಮೆತಾ ಎದ್ದು ನಿಂತಳು. ಹಬ್ಬಕ್ಕೆ ಉಡುವ ಹೂವಿನ ಬಟ್ಟೆ, ಕಾಲಲ್ಲಿ ತೋಟದ ಮಣ್ಣಿನ ಬೂಟು. ನಮ್ಮ ಭಾಷೆಯಲ್ಲೇ ಹೇಳಿದಳು.

"ಅವು ನಕ್ಷತ್ರ ಅಲ್ಲ. ನಮ್ಮಪ್ಪ ಉರುಪಾನೋ ಬಿಟ್ಟಿ ದುಡಿದ ಸೋಮವಾರಗಳು. ಬೇಲಿ ಗೂಟದಲ್ಲಿ ಕುಟ್ಟಿದ್ದು. ನಾನು ಪಕ್ಕದಲ್ಲಿ ಕೂತಿದ್ದೆ."

ಕಚೇರಿಯ ಸಾಹೇಬನಿಗೆ ನಮ್ಮ ಭಾಷೆ ಬಾರದು. ತಿಮೋ ಮೈಕು ಹಿಡಿದು ಸ್ಪ್ಯಾನಿಷಿನಲ್ಲಿ ತಿರುಗಿಸಿದ. "ಈ ದಿನಗಳ ಜ್ಞಾನ ಅವರ ತಂದೆಯವರಿಂದ ಬಂದದ್ದು ಅಂತ ಹೇಳ್ತಿದಾರೆ."

ಸಾಹೇಬ ಗೌರವದಿಂದ ತಲೆದೂಗಿದ. ಮತ್ತೆ ಚಪ್ಪಾಳೆ.

ಮೂವತ್ತು ವರ್ಷ ಹೋಟೆಲಿನ ಬಟ್ಟೆ ಒಗೆದವಳಿಗೆ ಸ್ಪ್ಯಾನಿಷ್ ಬರುವುದಿಲ್ಲವೇ? ತಿಮೋನ ಕಡೆ ನಿಧಾನವಾಗಿ ತಿರುಗಿದಳು. "ನಿನ್ನ ಅಂಡು ತೊಳೆದ ಕೈ ಇದು. ಆ ಮೈಕು ಕೊಡು." ಕಿತ್ತುಕೊಂಡು ಸ್ಪ್ಯಾನಿಷಿನಲ್ಲಿ, ಒಂದೊಂದು ಮಾತನ್ನೂ ಮೊಳೆ ಹೊಡೆದಂತೆ, ಮತ್ತೆ ಹೇಳಿದಳು. ಆ ಆರು ಕುಳಿ ಯಾವುದೆಂದೂ ಹೇಳಿದಳು. ಮುಖ್ಯಭೂಮಿಯಿಂದ ದೊಡ್ಡವನೊಬ್ಬ ಬರುತ್ತಾನೆಂದು ಹಡಗುಕಟ್ಟೆಗೆ ಕಲ್ಲು ಹೊರಿಸಿ, ಗಂಡಸರನ್ನು ಆರು ವಾರ ಊರು ಬಿಟ್ಟು ಕದಲಗೊಡದೆ ಇಟ್ಟುಕೊಂಡಿದ್ದರು. ಬಿಟ್ಟ ದಿನ ಅಪ್ಪ ಬಂದು ಆರನ್ನೂ ಒಟ್ಟಿಗೆ ಕುಟ್ಟಿದ. ಜಾಗ ಬಿಡದೆ, ಸಿಟ್ಟಿನಲ್ಲಿ.

ವೆಂಟ್ಸೆಲ್ ಎದ್ದ. ಅವನ ದನಿಯಲ್ಲಿ ನಿಜವಾದ ಕನಿಕರವಿತ್ತು, ಅದೇ ಹೆಚ್ಚು ಅಸಹ್ಯ. ಹಿರಿಯರ ನೆನಪಿನಲ್ಲಿ ಹಳೆಯ ಪವಿತ್ರ ಅರ್ಥ ಅಳಿಸಿ, ಅದರ ಮೇಲೆ ವಸಾಹತಿನ ನೋವು ಕೂತುಬಿಟ್ಟಿರುತ್ತದೆ ಅಂದ. ಇದು ಎಲ್ಲ ಕಡೆ ಆಗುವಂಥದ್ದು ಅಂದ. ಮಾರ್ಚ್ ತಿಂಗಳಲ್ಲಿ ಅವರ ಮೊದಲ ಮಾತು ಹೀಗಿತ್ತು ಎಂದು ಯಂತ್ರ ಒತ್ತಿದ. ಸಭಾಭವನದ ಮೂಲೆಮೂಲೆಗೂ ಅವಳ ದನಿ ಕೇಳಿಸಿತು. ಹೌದು, ಹೌದು. ಹಿಂದೆ ಹಂದಿ ಗುರುಗುಟ್ಟುತ್ತಿತ್ತು.

"ಹೌದು ಅಂದಿದ್ದೆ," ಅಂದಳು ಹೆರೆಮೆತಾ. "ಮನೆಗೆ ಬಂದವನು ಮಂಡಿಯೂರಿ ಕೇಳಿದ್ರೆ ಇನ್ನೇನನ್ಲಿ? ಈಗ ಇಲ್ಲ ಅಂತಿದೀನಿ. ಇದನ್ನೂ ಹಿಡ್ಕೋ ನಿನ್ನ ಡಬ್ಬೀಲಿ."

"ನಿಮ್ಮ ತಂದೆ ನಕ್ಷತ್ರ ನೋಡುತ್ತಿರಲಿಲ್ಲವೇ?" ವೆಂಟ್ಸೆಲ್ ಕೇಳಿದ.

"ನೋಡ್ತಿದ್ದ. ನಕ್ಷತ್ರ ನಂಬ್ಕೊಂಡೇ ದೋಣಿ ಹತ್ತಿದ. ಆದ್ರೆ ಅವನ್ನ ಕಲ್ಲಿಗೆ ಕುಟ್ಟೋಕೆ ಅವನಿಗೇನು ಹುಚ್ಚೇ? ನಕ್ಷತ್ರ ದಿನಾ ತಾವಾಗೇ ಬರ್ತಾವೆ."

ಹಿಂದಿನ ಸಾಲಿನಲ್ಲಿ ಮೀನುಗಾರರು ಹೋ ಎಂದು ನಕ್ಕರು. ಆಗ ಕಚೇರಿಯ ಸಾಹೇಬ ಕನ್ನಡಕ ಸರಿಮಾಡಿಕೊಂಡು ಕಾಗದ ನೋಡಿ ಹೇಳಿದ. ಹಾಗೊಂದು ವೇಳೆ ಆ ಗುರುತುಗಳು ಅಮ್ಮನವರ ತಂದೆಯೇ ಮಾಡಿದ್ದಾದರೆ, ಅದು ಸರ್ಕಾರಿ ಭೂಮಿಯ ಬಂಡೆಗೆ ಮಾಡಿದ ಹಾನಿಯಾಗುತ್ತದೆ. ಹಾನಿ ಮಾಡಿದವರ ಮನೆಯವರಿಗೆ ಅಲ್ಲಿರಲು ಹಕ್ಕಿರುವುದಿಲ್ಲ. ಪ್ರಾಚೀನವಾದರೂ ಜಾಗ ಬಿಡಬೇಕು, ಅಲ್ಲವಾದರೂ ಬಿಡಬೇಕು. ಆದ್ದರಿಂದ ಪ್ರಾಚೀನವೆಂದೇ ಇಟ್ಟುಕೊಂಡರೆ ಎಲ್ಲರಿಗೂ ಮರ್ಯಾದೆ.

ಜೀವಮಾನದಲ್ಲಿ ಎಷ್ಟೋ ಜನ ಸಾಹೇಬರ ಮುಂದೆ ಕೂತಿದ್ದೇನೆ. ಬೂಟುಗಾಲಿನಿಂದ ಒದ್ದವರೂ ಇದ್ದರು. ಈ ಮನುಷ್ಯನಷ್ಟು ಚೊಕ್ಕಟವಾಗಿ ಯಾರೂ ಹೇತಿರಲಿಲ್ಲ.

ಹೆರೆಮೆತಾ ಮೈಕನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದಳು. ನನ್ನ ವ್ಯಾನಿನಲ್ಲಿ ಪಕ್ಕ ಕೂತಾಗ ಕೇಳಿದಳು.

"ಬಂಡೆ ಇದ್ರೆ ಬೇಲಿ. ಅಲ್ವಾ?"

"ಹೌದು. ಬಂಡೆಯಿಂದಲೇ ನೂರು ಮೀಟರ್."

"ಬಂಡೆ ಇಲ್ದಿದ್ರೆ?"

ನಾನು ಗಾಡಿ ನಿಲ್ಲಿಸಿದೆ. "ನುವಾ, ಅದು ನಿಮ್ಮಪ್ಪನ..."

"ನಮ್ಮಪ್ಪ ಅಂತ ನಂಗೆ ನೀನು ಹೇಳ್ತೀಯಾ? ಓಡ್ಸು."

ಡಿಸೆಂಬರಿಗೆ ಇನ್ನೂ ಒಂಬತ್ತು ದಿನವಿತ್ತು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಸೂರ್ಯ ಮೇಲಿರುವಾಗ, ಪ್ರವಾಸಿಗಳ ವ್ಯಾನು ರಸ್ತೆಯಲ್ಲಿ ಓಡಾಡುತ್ತಿರುವಾಗ, ನಾವು ಬಂಡೆಯ ಮೇಲೆ ನೀಲಗಿರಿ ಕಟ್ಟಿಗೆ ಪೇರಿಸಿದೆವು. ನಮ್ಮಲ್ಲಿ ಮಣ್ಣಿನ ಒಲೆಗೆ ಕಲ್ಲು ಕಾಯಿಸುವ ಹೆಂಗಸರಿಗೆ ಯಾವ ಕಲ್ಲು ತಡೆಯುತ್ತದೆ, ಯಾವುದು ಸಿಡಿಯುತ್ತದೆ ಎಂದು ಚಿಕ್ಕಂದಿನಿಂದ ಗೊತ್ತು. ಇದು ಸಿಡಿಯುವ ಜಾತಿ ಎಂದಳು. ಕಟ್ಟಿಗೆ ಒಟ್ಟುವ ಮೊದಲು ಬಂಡೆಯ ಮೇಲೆ ಕೂತು, ಪಾಚಿಯನ್ನು ಉಗುರಿನಿಂದ ಕೆರೆದು, ಎಲ್ಲ ಕುಳಿಗೂ ಒಂದೊಂದು ಸಲ ಹೆಬ್ಬೆರಳು ಇಟ್ಟಳು. ಎಷ್ಟಿದ್ದವೆಂದು ನಾನು ಎಣಿಸಲಿಲ್ಲ. ಐವತ್ತೊಂಬತ್ತರ ಎರಡು ಪಟ್ಟಿಗೂ ಹೆಚ್ಚಿರಬೇಕು. ಅರ್ಧ ಗಂಟೆ ಹಿಡಿಯಿತು. ಅಳಲಿಲ್ಲ. ನಡುವೆ ಒಮ್ಮೆ ಹಂದಿಗೆ ಬಯ್ದಳು.

ಎರಡು ಗಂಟೆ ಉರಿ ಹಾಕಿದೆವು. ಆಮೇಲೆ ಬಕೆಟಿನಲ್ಲಿ ಕಡಲ ನೀರು ತಂದು ತಂದು ಸುರಿದೆವು. ಬಂಡೆ ಗುಂಡು ಹೊಡೆದಂತೆ ಸಿಡಿಯಿತು. ಮೇಲಿನ ಪದರ ತಟ್ಟೆತಟ್ಟೆಯಾಗಿ ಎದ್ದಿತು. ಬಿಡದೆ ಉಳಿದದ್ದನ್ನು ಹಾರೆ, ಸಮ್ಮಟಿಗೆಯಿಂದ ನಾನು ಎಬ್ಬಿಸಿದೆ. ರಸ್ತೆಯಲ್ಲಿ ಒಂದು ವ್ಯಾನು ನಿಂತು ನಾಲ್ಕೈದು ಜನ ಇಳಿದು ಫೋಟೋ ಹಿಡಿದರು. ಇದೇನು ಹಳೆಯ ವಿಧಿಯೇ ಎಂದು ಒಬ್ಬಳು ಕೂಗಿ ಕೇಳಿದಳು.

"ಹೌದು, ಹೌದು," ಅಂದಳು ಹೆರೆಮೆತಾ.

ಸಂಜೆಯ ಹೊತ್ತಿಗೆ ತಿಮೋ ಬಂದ. ಬೂದಿ, ಒಡೆದ ಕಲ್ಲು ನೋಡಿ ತಲೆ ಮೇಲೆ ಕೈ ಹೊತ್ತ. "ಏನ್ ಮಾಡ್ಬಿಟ್ಟೆ ನುವಾ! ಪ್ರಪಂಚದಲ್ಲಿ ಇಂಥದ್ದು ಒಂದೇ ಇತ್ತು!"

"ಅದು ನಿನ್ನ ತಾತಂದು. ನಿಂಗೆ ನಾನೇ ಹೇಳಿದ್ದೆ, ಐದು ವರ್ಷದವನಿದ್ದಾಗ, ಇದೇ ಜಾಗ್ದಲ್ಲಿ. ಮರ್ತಿದ್ಯಾ?"

ತಿಮೋ ನೆಲ ನೋಡಿದ. ಮರೆತಿರಲಿಲ್ಲ.

"ನಾನೂ ಹೊಟ್ಟೆ ಹೊರೀಬೇಕಲ್ಲ ನುವಾ," ಅಂದ.

"ಹೊರ್ಕೋ. ಎರಡು ಚೀಲ ಗೆಣಸು ಅವೆ, ಒಂದು ಒಯ್ಯಿ. ಆದ್ರೆ ಇನ್ನು ಆ ನಾತದವನ್ನ ಇಲ್ಲಿಗೆ ತರಬೇಡ."

ಅವನು ಗೆಣಸು ಒಯ್ದ. ಅವಳು ಕೊಟ್ಟದ್ದು ನನಗೆ ಸಿಟ್ಟು ತರಿಸಿತು, ಇವತ್ತಿಗೂ ತರಿಸುತ್ತದೆ. ನಾನಾಗಿದ್ದರೆ ಕಲ್ಲು ಕೊಡುತ್ತಿದ್ದೆ, ಹಣೆಗೆ.

ಡಿಸೆಂಬರ್ ಒಂದಕ್ಕೆ ಲಾರಿಯಲ್ಲಿ ಬೇಲಿಯ ಕಂಬಗಳು ಬಂದವು. ಕೆಲಸದವರು ಟೇಪು ಹಿಡಿದುಕೊಂಡು, ಎಲ್ಲಿಂದ ಅಳೆಯಬೇಕೆಂದು ಬಂಡೆ ಹುಡುಕಿದರು. ಮೇಸ್ತ್ರಿ ಫೋನು ಮಾಡಿದ. ಕಚೇರಿಯಲ್ಲಿ ಯಾರೋ ಯಾರನ್ನೋ ಕೇಳಿ, ಮಧ್ಯಾಹ್ನದವರೆಗೆ ಕಾಯಿಸಿ, ವಾಪಸ್ ಬನ್ನಿ ಅಂದರು. ಪ್ರಕರಣ ಹಾಕುತ್ತೇವೆಂದು ಆಮೇಲೆ ಎರಡು ನೋಟೀಸು ಬಂದವು. ಆದರೆ ಹಾಕಬೇಕಾದರೆ ಒಡೆದದ್ದು ಪ್ರಾಚೀನವೆಂದು ಸಾಬೀತು ಮಾಡಬೇಕು, ಸಭೆಯಲ್ಲಿ ಅವಳು ಆಡಿದ ಮಾತು ಇನ್ನೂರು ಜನರ ಎದುರು ಆಡಿದ್ದು, ವೆಂಟ್ಸೆಲ್‌ನ ಡಬ್ಬಿಯಲ್ಲೂ ಇತ್ತು. ನೋಟೀಸು ಅಲ್ಲಿಗೇ ತಣ್ಣಗಾದವು. ಜಾಗದ ಪತ್ರ ಅವಳಿಗೆ ಬರಲಿಲ್ಲ, ನಮಗೆ ಯಾರಿಗೂ ಬಂದಿಲ್ಲ. ಆದರೆ ಅಲ್ಲಿಂದ ಅವಳನ್ನು ಯಾರೂ ಎಬ್ಬಿಸಲಿಲ್ಲ.

ವೆಂಟ್ಸೆಲ್ ಪುಸ್ತಕ ಬರೆದ. ರಟ್ಟಿನ ಮೇಲೆ ಸುಣ್ಣ ತುಂಬಿದ ಬಂಡೆ. ಒಳಗೆ ಒಂದು ಕಡೆ, ರೊಂಗೊರೊಂಗೊವಿನ ಬೀಗದ ಕೈಯನ್ನು ಸ್ಥಳೀಯರೇ ಅಜ್ಞಾನದಿಂದ ನಾಶ ಮಾಡಿದರು ಎಂದಿದೆಯಂತೆ. ನಾನು ಕೊಳ್ಳಲಿಲ್ಲ. ಹೋಟೆಲಿನ ಅಂಗಡಿಯಲ್ಲಿ ಗಾಜಿನ ಹಿಂದೆ ಇಟ್ಟಿದ್ದಾರೆ, ನಡೆದು ಹೋಗುವಾಗ ಉಗಿಯಬೇಕೆನಿಸುತ್ತದೆ. ಕೆಲವು ಸಲ ಉಗಿದೂ ಇದ್ದೇನೆ.

ಒಡೆದ ಕಲ್ಲನ್ನು ಹೆರೆಮೆತಾ ಎಸೆಯಲಿಲ್ಲ. ಏಳನೆಯ ಮನವಾಯಿ ಕಟ್ಟಲು ಬೇಕು ಅಂದಳು. ಹೊತ್ತು ಹಾಕಿದ್ದು ನಾನು, ನಾಲ್ಕು ದಿನ. ಕುಳಿಯಿದ್ದ ಚೂರು ಕೈಗೆ ಸಿಕ್ಕರೆ ಅದನ್ನು ತಿರುಗಿಸಿ, ಕುಳಿ ಗೋಡೆಯ ಒಳಮೈಗೆ ಬರುವಂತೆ ಅವಳೇ ಕೂರಿಸುತ್ತಿದ್ದಳು, ರಸ್ತೆಗೆ ಕಾಣದ ಹಾಗೆ. ನಾಲ್ಕನೇ ದಿನ ಬೆನ್ನು ಹಿಡಿದು ಕೂತವನು ನಾನೇ ಬಾಯಿ ತೆರೆದೆ.

"ತಪ್ಪು ನಂದು ನುವಾ. ಹೌದು ಅನ್ಸಿದ್ದು ನಾನು."

"ಗೊತ್ತು," ಅಂದಳು. "ಅದಕ್ಕೇ ಅಲ್ವಾ ನಿನ್ನ ಕೈಲಿ ಹೊರಿಸ್ತಿರೋದು. ಏಳು, ಆ ಕಡೆ ಮೊಳಕಾಲುದ್ದ ಇನ್ನೂ ಖಾಲಿ ಇದೆ."